ಉದಗಾಂವದ ಪೊಲೀಸ್ ಪಾಟೀಲ: ಸಮವಸ್ತ್ರವಿಲ್ಲದ ಊರ ಕಾವಲು

ಅಮೆರಿಕದ ಹೆಚ್ಚಿನ ಕೌಂಟಿಗಳಲ್ಲಿ ಷೆರಿಫ್ ಎಂಬ ಅಧಿಕಾರಿಯನ್ನು ಅಲ್ಲಿನ ಮತದಾರರೇ, ಸಾಮಾನ್ಯವಾಗಿ ನಾಲ್ಕು ವರ್ಷಗಳಿಗೊಮ್ಮೆ, ಆರಿಸುತ್ತಾರೆ. ನಗರ ಪೊಲೀಸರ ವ್ಯಾಪ್ತಿಗೆ ಸೇರದ ಹಳ್ಳಿಗಾಡಿನಲ್ಲಿ ಗಸ್ತು ತಿರುಗುವುದು, ಕೌಂಟಿಯ ಜೈಲನ್ನು ನೋಡಿಕೊಳ್ಳುವುದು, ನ್ಯಾಯಾಲಯದ ಸಮನ್ಸು ನೋಟಿಸುಗಳನ್ನು ತಲುಪಿಸುವುದು ಬಹುಮಟ್ಟಿಗೆ ಆ ಒಂದೇ ಕಚೇರಿಯ ಹೊಣೆ. ಎದೆಯ ಮೇಲೆ ನಕ್ಷತ್ರದ ಬಿಲ್ಲೆ ಧರಿಸಿದ ಈ ಅಧಿಕಾರಿಯನ್ನು ಶಾಲೆಯ ಅಂಗಳದಲ್ಲೋ ಊರ ಮೆರವಣಿಗೆಯಲ್ಲೋ ಕಂಡು ಬೆಳೆಯುವ ಕನ್ನಡ ಮಕ್ಕಳಿಗೆ, ಅಜ್ಜ ಅಜ್ಜಿಯರ ಊರಿನಲ್ಲಿ ಈ ಕೆಲಸಗಳನ್ನು ಯಾರು ಮಾಡುತ್ತಾರೆ ಎಂಬ ಪ್ರಶ್ನೆ ಏಳುವುದು ಸಹಜ. ಷೆರಿಫ್ ಎಂಬ ಹುದ್ದೆ ಭಾರತದಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮುಂಬಯಿಯಲ್ಲಿ ಆ ಹೆಸರಿನ ಗೌರವ ಪದವಿಯೊಂದು ಬ್ರಿಟಿಷರ ಕಾಲದಿಂದ ಬಂದಿದೆಯಾದರೂ ಅದಕ್ಕೂ ಕಳ್ಳರನ್ನು ಹಿಡಿಯುವುದಕ್ಕೂ ಸಂಬಂಧವಿಲ್ಲ. ಹಳ್ಳಿಯ ಮಟ್ಟದಲ್ಲಿ ಷೆರಿಫನಿಗೆ ಹತ್ತಿರವಾದ ವ್ಯಕ್ತಿಯನ್ನು ಹುಡುಕಬೇಕಾದರೆ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಉದಗಾಂವದಂಥ ಊರಿನ ಪೊಲೀಸ್ ಪಾಟೀಲರತ್ತ ನೋಡಬೇಕಾಗುತ್ತದೆ.

ಉದಗಾಂವ ಶಿರೋಳ ತಾಲೂಕಿನಲ್ಲಿ, ಜಯಸಿಂಗಪುರ ಪಟ್ಟಣಕ್ಕೆ ಅಂಟಿಕೊಂಡಂತೆ, ಕೃಷ್ಣಾ ನದಿಯ ದಂಡೆಯಲ್ಲಿದೆ. ಸೇತುವೆ ದಾಟಿದರೆ ಸಾಂಗಲಿ ಜಿಲ್ಲೆ. ಸರಕಾರಿ ವ್ಯವಹಾರವೆಲ್ಲ ಮರಾಠಿಯಲ್ಲಿ ನಡೆಯುವ ಈ ಗಡಿಸೀಮೆಯಲ್ಲಿ, ಶಿರೋಳ ಮತ್ತು ಗಡಹಿಂಗ್ಲಜ ತಾಲೂಕುಗಳ ಅನೇಕ ಮನೆಗಳ ಒಳಗಿನ ಮಾತು ಇಂದಿಗೂ ಕನ್ನಡವೇ. ಈ ನಂಟು ನಿನ್ನೆ ಮೊನ್ನೆಯದಲ್ಲ. ಕೊಲ್ಹಾಪುರವನ್ನು ಆಳಿದ ಶಿಲಾಹಾರರ ಕಾಲದ ಶಾಸನಗಳಲ್ಲಿ ಕನ್ನಡದವು ಹಲವಿದ್ದು, ಅಂಥ ಶಾಸನಗಳಲ್ಲಿ ಊರಿನ ಹಿರಿಯನನ್ನು ‘ಗಾವುಂಡ’ ಎಂದು ಕರೆದಿರುವುದನ್ನು ಕಾಣಬಹುದು. ಇಂದಿನ ‘ಗೌಡ’ ಅದೇ ಮಾತಿನ ಸವೆದ ರೂಪ, ಮರಾಠಿ ಆಡಳಿತದ ಕಾಲದಲ್ಲಿ ಆ ಸ್ಥಾನವನ್ನು ‘ಪಾಟೀಲ’ ಎಂಬ ಹೆಸರು ತುಂಬಿತು.

ಹಳೆಯ ವ್ಯವಸ್ಥೆಯಲ್ಲಿ ಪಾಟೀಲಕಿ, ಅಂದರೆ ಪಾಟೀಲನ ಅಧಿಕಾರ, ಒಂದು ವತನವಾಗಿತ್ತು: ತಂದೆಯಿಂದ ಮಗನಿಗೆ ಬರುವ ಹುದ್ದೆ, ಅದರ ಜೊತೆಗೆ ಬರುವ ಇನಾಮು ಜಮೀನು, ಹಬ್ಬದಲ್ಲಿ ಮೊದಲ ಪೂಜೆ, ಕಾರಹುಣ್ಣಿವೆಯಲ್ಲಿ ಗೌಡರ ಎತ್ತಿಗೆ ಮೊದಲ ಮಾನ. ಲೆಕ್ಕ ಬರೆಯುವವನು ಕುಲಕರ್ಣಿ. ಚಾವಡಿಯ ಮುಂದೆ ಕಾವಲು ನಿಲ್ಲುವವನು, ರಾತ್ರಿ ಗಸ್ತು ತಿರುಗುವವನು, ಹೊಸಬರು ಊರಿಗೆ ಬಂದರೆ ಗೌಡರಿಗೆ ಸುದ್ದಿ ಮುಟ್ಟಿಸುವವನು ತಳವಾರ. 1818ರಲ್ಲಿ ಮರಾಠರ ಪೇಶ್ವೆಯ ರಾಜ್ಯ ಮುಗಿದ ಮೇಲೆ ಬ್ರಿಟಿಷ್ ಅಧಿಕಾರಿ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1819ರಲ್ಲಿ ಸಲ್ಲಿಸಿದ ವರದಿಯಲ್ಲಿ ಈ ಸೀಮೆಯ ಗ್ರಾಮ ಪೊಲೀಸು ಪದ್ಧತಿಯ ವರ್ಣನೆ ಇದೆ. ಕಳವು ನಡೆದರೆ ಊರ ಕಾವಲುಗಾರನು ಕಳ್ಳನ ಹೆಜ್ಜೆಯ ಗುರುತು ಹಿಡಿದು ಊರ ಗಡಿಯವರೆಗೂ ಹೋಗಬೇಕು. ಹೆಜ್ಜೆ ಪಕ್ಕದ ಊರಿನ ಎಲ್ಲೆ ಹೊಕ್ಕಿದ್ದನ್ನು ತೋರಿಸಿಕೊಟ್ಟರೆ ಅಲ್ಲಿಂದ ಮುಂದಿನ ಹೊಣೆ ಆ ಊರಿನದು, ತೋರಿಸಲಾಗದಿದ್ದರೆ ನಷ್ಟದ ಭಾರ ತನ್ನ ಊರಿನ ತಲೆಗೇ. ಹೊಲದ ಮಣ್ಣಿನ ಮೇಲಿನ ಕಾಲ್ಗುರುತನ್ನು ಓದಬಲ್ಲ ಕಣ್ಣಿನ ಮೇಲೆ ಇಡೀ ಊರಿನ ಮಾನ ಮತ್ತು ಹಣ ನಿಂತಿದ್ದ ಈ ಪದ್ಧತಿ ಜಾಣತನದ್ದು ಹೌದು; ಆದರೆ ಕಾವಲಿನ ಕಷ್ಟವೆಲ್ಲ ಕೆಳಜಾತಿಗಳ ಪಾಲಿಗೆ, ಮಾನವೆಲ್ಲ ಮೇಲಿನವರ ಪಾಲಿಗೆ ಹಂಚಿಹೋಗಿತ್ತು ಎಂಬುದನ್ನು ಮಕ್ಕಳಿಗೆ ಹೇಳದೆ ಬಿಟ್ಟರೆ ಕಥೆ ಅರ್ಧವಾಗುತ್ತದೆ. ಕೊಲ್ಹಾಪುರದ ಶಾಹು ಮಹಾರಾಜರು 1918ರಲ್ಲಿ ಕುಲಕರ್ಣಿ ವತನವನ್ನೂ, ಮಹಾರ ಜಾತಿಯವರನ್ನು ಊರ ಚಾಕರಿಗೆ ಕಟ್ಟಿಹಾಕಿದ್ದ ಮಹಾರ ವತನವನ್ನೂ ರದ್ದುಗೊಳಿಸಿ, ಲೆಕ್ಕ ಬರೆಯಲು ಸಂಬಳದ ತಲಾಠಿಗಳನ್ನು ನೇಮಿಸಿದ್ದು ಈ ಅನ್ಯಾಯವನ್ನು ಕಂಡೇ.

ಬ್ರಿಟಿಷ್ ಮುಂಬಯಿ ಪ್ರಾಂತದಲ್ಲಿ ಪಾಟೀಲನ ಕಾವಲು ಕೆಲಸಕ್ಕೆ ಕಾನೂನಿನ ಚೌಕಟ್ಟು ಕೊಟ್ಟದ್ದು 1867ರ ಗ್ರಾಮ ಪೊಲೀಸ್ ಕಾಯಿದೆ. ಕಂದಾಯ ವಸೂಲಿ ಮಾಡುವ ‘ಮುಲ್ಕಿ’ ಪಾಟೀಲ ಬೇರೆ, ಶಾಂತಿ ಕಾಯುವ ‘ಪೊಲೀಸ್’ ಪಾಟೀಲ ಬೇರೆ ಎಂಬ ಭೇದವಿದ್ದರೂ ಅನೇಕ ಊರುಗಳಲ್ಲಿ ಎರಡನ್ನೂ ಒಬ್ಬನೇ ನಿಭಾಯಿಸುತ್ತಿದ್ದ. ಕೊಲ್ಹಾಪುರ ಸಂಸ್ಥಾನವು 1949ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಮಹಾರಾಷ್ಟ್ರ ಹುಟ್ಟಿದ ಮೇಲೆ 1962ರ ಕಾಯಿದೆಯಿಂದ ಕಂದಾಯ ಪಾಟೀಲರ ಹುದ್ದೆ ಹೋಯಿತು. ಕಾವಲಿನ ಹುದ್ದೆ ಮಾತ್ರ ಉಳಿದು, 1967ರ ಮಹಾರಾಷ್ಟ್ರ ಗ್ರಾಮ ಪೊಲೀಸ್ ಕಾಯಿದೆಯ ಅಡಿಯಲ್ಲಿ ವಂಶದ ಹಂಗಿಲ್ಲದ ಹೊಸ ರೂಪ ಪಡೆಯಿತು. ಈಗ ಪೊಲೀಸ್ ಪಾಟೀಲರಾಗಲು ಪಾಟೀಲ ಎಂಬ ಅಡ್ಡಹೆಸರು ಬೇಕಿಲ್ಲ. ಅರ್ಜಿದಾರರು ಅದೇ ಊರಿನ ನಿವಾಸಿಯಾಗಿದ್ದು, 25ರಿಂದ 45 ವರ್ಷದೊಳಗಿನವರಾಗಿ, ಹತ್ತನೆಯ ತರಗತಿ ಪಾಸಾಗಿ, ಲಿಖಿತ ಪರೀಕ್ಷೆ ಮತ್ತು ಸಂದರ್ಶನಗಳನ್ನು ದಾಟಬೇಕು. ಮೀಸಲಾತಿಯಿಂದಾಗಿ ಎಲ್ಲ ಜಾತಿಯವರೂ ಮಹಿಳೆಯರೂ ಈ ಹುದ್ದೆಗೆ ಬಂದಿದ್ದಾರೆ. ನೇಮಕವನ್ನು ಕೆಲವು ವರ್ಷಗಳಿಗೊಮ್ಮೆ ನವೀಕರಿಸುತ್ತ 60ರ ವಯಸ್ಸಿನವರೆಗೆ ಮುಂದುವರಿಸಬಹುದು. ಇದು ಪೂರ್ಣಾವಧಿಯ ನೌಕರಿ ಅಲ್ಲವಾದ್ದರಿಂದ ಹೊಲ ಉಳುವುದಕ್ಕೂ ಊರಿನಲ್ಲೇ ಅಂಗಡಿ ನಡೆಸುವುದಕ್ಕೂ ಅಡ್ಡಿಯಿಲ್ಲ. ಕೊಡುವುದು ಸಂಬಳವಲ್ಲ, ಗೌರವಧನ. ಅದನ್ನು 2024ರಲ್ಲಿ ತಿಂಗಳಿಗೆ 6,500 ರೂಪಾಯಿಯಿಂದ 15,000 ರೂಪಾಯಿಗೆ ಏರಿಸಲಾಯಿತು.

ಹೆಸರಿನಲ್ಲಿ ಪೊಲೀಸ್ ಇದ್ದರೂ ಇವರನ್ನು ನೇಮಿಸುವುದು ಪೊಲೀಸ್ ಇಲಾಖೆಯಲ್ಲ, ಕಂದಾಯ ಇಲಾಖೆ ಎಂಬುದು ಹೊರಗಿನವರಿಗೆ ವಿಚಿತ್ರವಾಗಿ ಕಾಣುವ ಸಂಗತಿ. ಶಿರೋಳ ತಾಲೂಕಿನ ನೇಮಕಗಳು ಇಚಲಕರಂಜಿಯ ಪ್ರಾಂತಾಧಿಕಾರಿಯ ಕಚೇರಿಯಿಂದ ಆಗುತ್ತವೆ. ಪ್ರಾಂತಾಧಿಕಾರಿ ಎಂದರೆ ಜಿಲ್ಲಾಧಿಕಾರಿಯ ಕೈಕೆಳಗೆ ಕೆಲವು ತಾಲೂಕುಗಳನ್ನು ನೋಡಿಕೊಳ್ಳುವ ಅಧಿಕಾರಿ. ಕಾಯಿದೆಯ ಪ್ರಕಾರ ಪೊಲೀಸ್ ಪಾಟೀಲರು ಕಾರ್ಯಕಾರಿ ದಂಡಾಧಿಕಾರಿಯ, ವ್ಯವಹಾರದಲ್ಲಿ ತಹಶೀಲದಾರರ, ಆದೇಶದಂತೆ ನಡೆಯಬೇಕು. ಊರಿನ ಅಪರಾಧಗಳಷ್ಟೇ ಅಲ್ಲದೆ ಜನರ ಆರೋಗ್ಯ ಮತ್ತು ಒಟ್ಟು ಸ್ಥಿತಿಗತಿಯನ್ನೂ ಅವರಿಗೆ ತಿಳಿಸುತ್ತಿರಬೇಕು. ಶಾಂತಿಭಂಗದ ಸುಳಿವು ಸಿಕ್ಕರೆ ಠಾಣೆಗೆ ಮುಟ್ಟಿಸಬೇಕು. ಒಂದೇ ತಲೆಯ ಮೇಲೆ ಇಬ್ಬರು ಯಜಮಾನರಿದ್ದಂತೆ ತೋರುವ ಈ ಏರ್ಪಾಟಿಗೆ ಕಾರಣವಿದೆ: ಹಳ್ಳಿಯಲ್ಲಿ ಹೊಡೆದಾಟದ ಬೇರು ಬಹುಪಾಲು ಹೊಲದ ಬದುವಿನಲ್ಲೋ ನೀರಿನ ಪಾಳಿಯಲ್ಲೋ ಇರುತ್ತದೆ, ಅದರ ಕಾಗದಪತ್ರ ಕಂದಾಯದವರ ಬಳಿ ಇರುತ್ತದೆ.

ಕೆಲಸದ ಬಗೆ ಚೆನ್ನಾಗಿ ತಿಳಿಯುವುದು ಬಾವಿಯಲ್ಲೋ ನದಿಯಲ್ಲೋ ಒಂದು ಶವ ಕಂಡಾಗ. ನೋಡಿದವರು ಮೊದಲು ಓಡಿಬರುವುದು ಪೊಲೀಸ್ ಪಾಟೀಲರ ಮನೆಗೆ. ಅವರು ಕೂಡಲೇ ಠಾಣೆಗೆ ಫೋನು ಮಾಡಿ, ಯಾರೂ ಮುಟ್ಟದಂತೆ ಜನರನ್ನು ದೂರ ಸರಿಸಿ, ಊರಿನ ಇಬ್ಬರು ಮೂವರು ತಿಳಿದವರನ್ನು ಸಾಕ್ಷಿಗಳಾಗಿ, ಅಂದರೆ ‘ಪಂಚ’ರಾಗಿ, ಕರೆದು ನಿಲ್ಲಿಸುತ್ತಾರೆ, ಪೊಲೀಸರು ಬಂದ ಮೇಲೆ ಶವ ಎಲ್ಲಿತ್ತು, ಹೇಗಿತ್ತು, ಮೈಮೇಲೆ ಏನಿತ್ತು ಎಂದು ಬರೆಯುವ ದಾಖಲೆಯೇ ಪಂಚನಾಮೆ. ಸತ್ತವರ ಮನೆಗೆ ಸುದ್ದಿ ಹೇಳುವ ಕಷ್ಟದ ಕೆಲಸವೂ ಬಹಳ ಸಲ ಇವರ ಪಾಲಿಗೇ ಬರುತ್ತದೆ, ಏಕೆಂದರೆ ಆ ಮನೆಯ ಬಾಗಿಲು ಅವರಿಗೆ ಗೊತ್ತು, ಆ ಮನೆಯವರಿಗೆ ಅವರು ಗೊತ್ತು.

ಇದಕ್ಕಿಂತ ದೊಡ್ಡ ಪರೀಕ್ಷೆ ಮಳೆಗಾಲದ್ದು. ಕೃಷ್ಣಾ ಮತ್ತು ಪಂಚಗಂಗಾ ನದಿಗಳು ಕೂಡುವ ನರಸೋಬವಾಡಿ ಇದೇ ತಾಲೂಕಿನಲ್ಲಿರುವುದರಿಂದ 2005, 2019, 2021ರ ಮಹಾಪೂರಗಳಲ್ಲಿ ಶಿರೋಳ ತಾಲೂಕಿನ ಅನೇಕ ಊರುಗಳು ಮುಳುಗಿದವು. 2019ರ ಆಗಸ್ಟಿನಲ್ಲಂತೂ ಕೊಲ್ಹಾಪುರ ಮತ್ತು ಸಾಂಗಲಿಗಳ ಹೆದ್ದಾರಿಗಳೇ ನೀರಿನಡಿ ಹೋಗಿದ್ದವು. ಅಂಥ ದಿನಗಳಲ್ಲಿ ತಲಾಠಿ, ಗ್ರಾಮಸೇವಕ, ತಲಾಠಿಯ ಸಹಾಯಕನಾದ ಕೋತವಾಲ ಇವರ ಜೊತೆಗೆ ಪೊಲೀಸ್ ಪಾಟೀಲರು ಓಣಿ ಓಣಿ ಸುತ್ತಿ ಮನೆ ಬಿಡಲು ಹೇಳಬೇಕು, ನೀರಿನ ಮಟ್ಟವನ್ನು ತಹಶೀಲದಾರರಿಗೆ ತಿಳಿಸುತ್ತಿರಬೇಕು. ಎಮ್ಮೆ ಬಿಟ್ಟು ಬರಲೊಲ್ಲದ ಮುದುಕನನ್ನು ದೋಣಿ ತಂದ ಹೊರಗಿನ ಯೋಧ ಒಪ್ಪಿಸಲಾರ; ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬ ಲೆಕ್ಕವೂ ಯಾವ ಕಚೇರಿಯ ಪುಸ್ತಕದಲ್ಲೂ ಸಿಗುವುದಿಲ್ಲ. ಪೊಲೀಸ್ ಪಾಟೀಲರ ನಿಜವಾದ ಅಧಿಕಾರ ಇರುವುದು ಈ ಪರಿಚಯದಲ್ಲಿ. ಅವರಿಗೆ ಪೊಲೀಸರ ಖಾಕಿಯೂ ಇಲ್ಲ, ಲಾಠಿಯೂ ಇಲ್ಲ.

ಪರಿಚಯವೇ ತೊಡಕಾಗುವುದೂ ಉಂಟು. ಊರಿನ ಪಂಗಡಗಳ ಜಗಳದಲ್ಲಿ ಪೊಲೀಸ್ ಪಾಟೀಲರೂ ಒಂದು ಕಡೆಯವರೆಂಬ ಗುಮಾನಿ ಬಂದರೆ ಅವರ ಮಾತಿಗೆ ಬೆಲೆ ಇಳಿಯುತ್ತದೆ. ಸಾಂಗಲಿ ಜಿಲ್ಲೆಯವರೇ ಆದ ಆರ್. ಆರ್. ಪಾಟೀಲರು ಗೃಹಮಂತ್ರಿಯಾಗಿದ್ದಾಗ 2007ರಲ್ಲಿ ಆರಂಭವಾದ ‘ತಂಟಾಮುಕ್ತ ಗಾವ’, ಅಂದರೆ ಜಗಳವಿಲ್ಲದ ಊರು ಎಂಬ ಅಭಿಯಾನದಲ್ಲಿ ಸಣ್ಣಪುಟ್ಟ ವ್ಯಾಜ್ಯಗಳನ್ನು ಊರಲ್ಲೇ ಬಗೆಹರಿಸುವ ಕೆಲಸವನ್ನು ಪೊಲೀಸ್ ಪಾಟೀಲರೊಬ್ಬರಿಗೇ ಬಿಡದೆ, ಅವರೂ ಸೇರಿದ ಒಂದು ಸಮಿತಿಗೆ ಒಪ್ಪಿಸಿದ್ದು ವಿವೇಕದ ನಡೆ ಎನ್ನಬೇಕು.

ಊರಿನಿಂದ ಮೇಲಕ್ಕೆ ಹೋದಂತೆ ನಿಯಮಿತ ಪೊಲೀಸ್ ದಳ ಆರಂಭವಾಗುತ್ತದೆ. ಉದಗಾಂವಕ್ಕೆ ಸಂಬಂಧಿಸಿದ ಠಾಣೆ ಜಯಸಿಂಗಪುರದ್ದು. ಠಾಣೆಯ ಮೇಲೆ ಉಪವಿಭಾಗದ ಅಧಿಕಾರಿ, ಅವರ ಮೇಲೆ ಅಪರ ಅಧೀಕ್ಷಕರು, ಎಲ್ಲರ ಮೇಲೆ ಕೊಲ್ಹಾಪುರದಲ್ಲಿ ಜಿಲ್ಲಾ ಪೊಲೀಸ್ ಅಧೀಕ್ಷಕರು. ಷೆರಿಫನೊಂದಿಗೆ ಹೋಲಿಸಬಹುದಾದ ಜಿಲ್ಲಾ ಅಧಿಕಾರಿ ಇವರೇ ಆದರೂ ಇವರನ್ನು ಜನ ಆರಿಸುವುದಿಲ್ಲ, ಸರಕಾರ ನೇಮಿಸುತ್ತದೆ, ಬೇಕಾದಾಗ ವರ್ಗ ಮಾಡುತ್ತದೆ. ಜೈಲೂ ಇವರದಲ್ಲ, ಕೊಲ್ಹಾಪುರದ ಕಳಂಬಾ ಕೇಂದ್ರ ಕಾರಾಗೃಹ ಬೇರೆಯದೇ ಇಲಾಖೆಗೆ ಸೇರಿದ್ದು, ದಿವಾಣಿ ನ್ಯಾಯಾಲಯದ ನೋಟಿಸನ್ನು ಮನೆಗೆ ತರುವವನು ಬೇಲಿಫ್. ಹೀಗೆ ಒಬ್ಬ ಷೆರಿಫನ ಕೈಯಲ್ಲಿ ಇರುವ ಅಧಿಕಾರವನ್ನು ಇಲ್ಲಿ ನಾಲ್ಕೈದು ಕಚೇರಿಗಳು ಹಂಚಿಕೊಂಡಿವೆ.

ಗಡಿಯ ಆಚೆ, ಕರ್ನಾಟಕದಲ್ಲಿ, ಚಿತ್ರ ಬೇರೆ. ಅಲ್ಲಿ 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ ಗೌಡಕಿಯೂ ಲೆಕ್ಕ ಬರೆಯುವ ಶಾನುಭೋಗಿಕೆಯೂ ಒಟ್ಟಿಗೆ ಹೋದವು, ಪೊಲೀಸ್ ಪಾಟೀಲರಂಥ ಹುದ್ದೆ ಉಳಿಯಲಿಲ್ಲ. 1964ರ ಕಾಯಿದೆಯೊಂದು ಗ್ರಾಮ ರಕ್ಷಣಾ ದಳಗಳಿಗೂ ಅವುಗಳ ಮುಖ್ಯಸ್ಥನಾದ ದಳಪತಿಗೂ ಅವಕಾಶ ಕೊಟ್ಟಿತು. ಶಿರೋಳ ತಾಲೂಕಿನ ದತ್ತವಾಡದಿಂದ ದೂಧಗಂಗಾ ನದಿ ದಾಟಿದರೆ ಬೆಳಗಾವಿ ಜಿಲ್ಲೆಯ ಮಲಿಕವಾಡ. ಎರಡೂ ದಂಡೆಗಳ ನಡುವೆ ಬೀಗತನ ಬೇಕಾದಷ್ಟು. ದತ್ತವಾಡದ ಕೊಟ್ಟಿಗೆಯಿಂದ ಕಳವಾದ ಎತ್ತು ಆ ಸೇತುವೆ ದಾಟಿತೆಂದು ತಿಳಿದರೆ ಪೊಲೀಸ್ ಪಾಟೀಲರ ವ್ಯಾಪ್ತಿ ಅಲ್ಲಿಗೆ ಮುಗಿಯುತ್ತದೆ. ಹಿಂದಿನ ಕಾವಲುಗಾರನಂತೆ ಎಲ್ಲೆಯಲ್ಲಿ ನಿಂತು ಹೆಜ್ಜೆಯನ್ನು ಪಕ್ಕದ ಊರಿಗೆ ಒಪ್ಪಿಸುವ ಬದಲು ಈಗ ಅವರು ತಮ್ಮ ಠಾಣೆಗೆ ತಿಳಿಸುತ್ತಾರೆ, ಆ ಠಾಣೆ ಕರ್ನಾಟಕದ ಠಾಣೆಗೆ ತಿಳಿಸುತ್ತದೆ, ಅಷ್ಟರಲ್ಲಿ ಎತ್ತಿನ ಯಜಮಾನ ಮಲಿಕವಾಡದ ಬೀಗರಿಗೆ ಫೋನು ಮಾಡಿ ಆಗಿರುತ್ತದೆ.