ಸಂಡೂರಿನ ಗುಡ್ಡ ಕಂಡ ಕೃಷ್ಣನ್

ಸಂಡೂರು ಅಂದ್ರೆ ನಮ್ಮ ರಾಯದುರ್ಗ, ಆದೋನಿ ಕಡೆಯವರಿಗೆ ಕುಮಾರಸ್ವಾಮಿ ಗುಡಿ ನೆನಪಾಗುತ್ತೆ, ಕೆಂಪು ಅದಿರು ನೆನಪಾಗುತ್ತೆ. ಕಾಡುಪ್ರಾಣಿಗಳ ಫೋಟೊ ತೆಗೆದು ದೇಶಕ್ಕೆಲ್ಲ ಹೆಸರಾದ ಎಂ. ಕೃಷ್ಣನ್ ಅದೇ ಸಂಡೂರಿನಲ್ಲಿ ವರ್ಷಗಟ್ಟಲೆ ಬಾಳಿದವರು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಆಗ ನಮ್ಮ ತಾಲ್ಲೂಕುಗಳೂ ಬಳ್ಳಾರಿ ಜಿಲ್ಲೆಯವೇ. ಗಡಿ ಗೆರೆ ಬಿದ್ದದ್ದು 1953ರಲ್ಲಿ. ಹಾಗಾಗಿ ಕೃಷ್ಣನ್ ನಮ್ಮ ಸೀಮೆಯ ನೆಂಟರು ಅಂತಲೇ ನಾನು ಎಣಿಸ್ತೀನಿ.

ಅವರು ಹುಟ್ಟಿದ್ದು 1912ರ ಜೂನ್ 30ರಂದು, ತಿರುನೆಲ್ವೇಲಿಯಲ್ಲಿ. ತಂದೆ ಎ. ಮಾಧವಯ್ಯ ತಮಿಳಿನ ದೊಡ್ಡ ಕಾದಂಬರಿಕಾರರು. ಎಂಟು ಮಕ್ಕಳಲ್ಲಿ ಇವರೇ ಕಿರಿಯರು. 1925ರಲ್ಲಿ ತಂದೆ ತೀರಿಕೊಂಡ ಮೇಲೆ ಅಕ್ಕ ಲಕ್ಷ್ಮಿ ಸಂಸಾರದ ಹೊಣೆ ಹೊತ್ತರು. ಆ ಕಾಲದ ಮದರಾಸಿನ ಮೈಲಾಪುರದಲ್ಲಿ ಕುರುಚಲು ಗಿಡ, ನರಿ, ಹಕ್ಕಿ ಎಲ್ಲಾ ಇದ್ದವು. ಹುಡುಗ ಒಂದು ಮುಂಗುಸಿ ಸಾಕಿದ್ದ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಫೈಸನ್ ಮೇಷ್ಟ್ರ ಜೊತೆ ನೀಲಗಿರಿ, ಕೊಡೈಕೆನಾಲ್ ಸುತ್ತಿ ಗಿಡಮರ ಗುರುತು ಹಿಡಿಯೋದು ಕಲಿತರು. ಮೇಷ್ಟ್ರ ಹೆಂಡತಿಯಿಂದ ಬಣ್ಣದ ಚಿತ್ರ ಬರೆಯೋದೂ ಕಲಿತರು. 1936ರಲ್ಲಿ ವಕೀಲಿ ಪದವಿ ಪಡೆದರೂ ಮನಸ್ಸು ಆ ಕಡೆ ನಿಲ್ಲಲಿಲ್ಲ.

1942ರಲ್ಲಿ ಸಂಡೂರು ಸಂಸ್ಥಾನದಲ್ಲಿ ಕೆಲಸ ಸಿಕ್ಕಿತು. ಮೇಷ್ಟ್ರು, ನ್ಯಾಯಾಧೀಶರು, ಪ್ರಚಾರಾಧಿಕಾರಿ, ಕೊನೆಗೆ ಮಹಾರಾಜರ ರಾಜಕೀಯ ಕಾರ್ಯದರ್ಶಿ, ಹೀಗೆ ಹಲವು ಕುರ್ಚಿಗಳ ಮೇಲೆ ಕೂತರು. ಆದರೆ ಅವರ ನಿಜವಾದ ಶಾಲೆ ಗುಡ್ಡದಲ್ಲಿತ್ತು. ಕುರಿ ಮೇಯಿಸಿದರು, ಆಡು ಸಾಕಿದರು, ಪಾರಿವಾಳ ಸಾಕಿದರು. ಕುರಿ ಕಾದವರಿಗೆ ಇದರ ಬೆಲೆ ಗೊತ್ತು ನೋಡ್ರಿ. ಕುರಿ ಹಿಂದೆ ದಿನವೆಲ್ಲಾ ನಿಂತವನಿಗೆ ಯಾವ ಪೊದೆಯಲ್ಲಿ ಯಾವ ಹಕ್ಕಿ, ಗಾಳಿ ಯಾವ ಕಡೆ, ಮಂದೆ ಯಾಕೆ ಬೆದರಿತು ಎಲ್ಲಾ ತಾನಾಗಿ ತಿಳಿಯುತ್ತೆ. ತೆಲುಗಿನಲ್ಲಿ ಅದನ್ನೇ ಓಪಿಕ ಅಂತೀವಿ. ಕ್ಯಾಮೆರಾ ಹಿಡಿಯುವವನಿಗೆ ಮೊದಲು ಬೇಕಾದ್ದು ಈ ಓಪಿಕವೇ.

1949ರಲ್ಲಿ ಸಂಸ್ಥಾನ ಮದರಾಸು ಪ್ರಾಂತ್ಯಕ್ಕೆ ಸೇರಿತು. ಕೃಷ್ಣನ್ ಮದರಾಸಿಗೆ ಮರಳಿದರು. ಆಮೇಲೆ ಅವರು ಯಾರ ನೌಕರಿಯನ್ನೂ ಬಯಸಲಿಲ್ಲ. ಲೇಖನ, ಚಿತ್ರ, ಫೋಟೊ ಇವುಗಳಲ್ಲೇ ಬದುಕಿದರು. 1950ರಿಂದ ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಗೆ ಹದಿನೈದು ದಿನಕ್ಕೊಂದು ಅಂಕಣ ಬರೆದರು. ಆನೆ, ಕಾಟಿಗಳ ಬಗ್ಗೆ ಬರೆದಷ್ಟೇ ಅಕ್ಕರೆಯಿಂದ ಅಳಿಲು, ಕಾಗೆ, ಗೊರವಂಕಗಳ ಬಗ್ಗೆಯೂ ಬರೆದರು.

ಅವರ ಕ್ಯಾಮೆರಾ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಒಂದು ಕಂಪನಿಯ ಪೆಟ್ಟಿಗೆ, ಇನ್ನೊಂದರ ದೂರದ ಲೆನ್ಸು, ಎರಡನ್ನೂ ತಾವೇ ಜೋಡಿಸಿಕೊಂಡಿದ್ದರು. ನೋಡಿದವರು ನಗುತ್ತಿದ್ದರಂತೆ. ನಮ್ಮಲ್ಲಿ ಹಳೇ ಪಂಪಿಗೆ ಬೇರೆ ಮೋಟರು ಕಟ್ಟಿ ನೀರೆತ್ತೋದಿಲ್ಲವೇ, ಹಾಗೆ. ಬಣ್ಣದ ಫಿಲಂ ಬಂದ ಮೇಲೂ ಕಪ್ಪು ಬಿಳುಪನ್ನು ಬಿಡಲಿಲ್ಲ. ಕಾಲ್ನಡಿಗೆಯಲ್ಲೋ, ಸಾಕಿದ ಆನೆಯ ಮೇಲೆ ಕೂತೋ ಕಾಡಾನೆಗಳ ಹತ್ತಿರ ಹೋಗುತ್ತಿದ್ದರು. ಅವರ ಚಿತ್ರದಲ್ಲಿ ಪ್ರಾಣಿ ಒಂದೇ ಇರೋದಿಲ್ಲ. ಅದು ಮೇಯುವ ಹುಲ್ಲು, ನಿಂತ ನೆಲ ಎಲ್ಲವೂ ಇರುತ್ತೆ.

1968ರಲ್ಲಿ ನೆಹರೂ ಫೆಲೋಶಿಪ್ ಬಂತು. ಪರ್ಯಾಯ ದ್ವೀಪ ಭಾರತದ ದೊಡ್ಡ ಸಸ್ತನಿಗಳನ್ನು ಅಭ್ಯಾಸ ಮಾಡಿ ಬರೆದ ಪುಸ್ತಕ 1975ರಲ್ಲಿ ಅಚ್ಚಾಯಿತು. ಅದರಲ್ಲಿ ಫೋಟೊಗಳು ಅಲಂಕಾರವಲ್ಲ, ಸಾಕ್ಷಿ. ಹುಲಿ ಯೋಜನೆಯ ಸಮಿತಿಯಲ್ಲೂ ಇದ್ದರು. ಪದ್ಮಶ್ರೀಯೂ ಬಂತು. 1996ರ ಫೆಬ್ರವರಿ 18ರಂದು ತೀರಿಕೊಂಡರು. ಅವರ ಕೊನೆಯ ಅಂಕಣ ಅಚ್ಚಾಗಿದ್ದೂ ಅದೇ ದಿನ. 46 ವರ್ಷ ಬರೆದ ಕೈ ಅದು.

ಈಗ ನಮ್ಮ ಹುಡುಗರು ರಜೆ ಸಿಕ್ಕರೆ ಹಂಪಿ, ದರೋಜಿ, ಸಂಡೂರಿನ ಕಡೆ ಹೊರಡುತ್ತಾರೆ. ಕೈಯಲ್ಲೇ ಫೋನಿದೆ, ಸಂಜೆಯೊಳಗೆ ನೂರು ಫೋಟೊ ನೂರು ಮಂದಿಗೆ ಮುಟ್ಟುತ್ತೆ. ತೆಗೆಯಲಿ, ಹಂಚಲಿ, ಸಂತೋಷವೇ. ಆದರೆ ಗೂಡಿನ ಮುಂದಿನ ಕೊಂಬೆ ಮುರಿದು ತೆಗೆದ ಚಿತ್ರಕ್ಕೆ ಭೇಷ್ ಅನ್ನೋ ಮುಂಚೆ ಒಂದು ಮಾತು ಯೋಚಿಸಬೇಕು. ಆ ಕೊಂಬೆಯ ನೆರಳು ಹೋದರೆ ಮರಿ ಬಿಸಿಲಿಗೆ ಸಾಯುತ್ತೆ. ರಾತ್ರಿ ಬೈಕಿನ ಬೆಳಕು ಬಿಟ್ಟು ಮೊಲ ಓಡಿಸಿದ್ದು ಫೋಟೊ ಅಲ್ಲ, ಬೇಟೆ. ಯಾರಾದರೂ ಚಿತ್ರ ತೋರಿಸಿದರೆ ಚೆನ್ನಾಗಿದೆ ಅಂದು ಸುಮ್ಮನಾಗದೆ, ಇದು ಯಾವ ಹಕ್ಕಿ, ಯಾವ ಗುಡ್ಡ, ಯಾವ ತಿಂಗಳು, ಅದು ಏನು ಮಾಡುತ್ತಿತ್ತು ಅಂತ ಕೇಳ್ರಿ. ಉತ್ತರ ಇದ್ದರೆ ಆ ಚಿತ್ರ ಮೊಮ್ಮಕ್ಕಳ ಕಾಲಕ್ಕೂ ದಾಖಲೆಯಾಗಿ ಉಳಿಯುತ್ತೆ. ಗುಡ್ಡಗಳೇ ಕರಗುತ್ತಿರುವ ಈ ಸೀಮೆಯಲ್ಲಿ ಅಂಥ ದಾಖಲೆ ಬೇಕು. ಅದನ್ನು ಇಟ್ಟುಕೊಳ್ಳಲು ದೊಡ್ಡ ಕ್ಯಾಮೆರಾ ಬೇಕಿಲ್ಲ, ಕುರಿ ಕಾಯುವವನ ಕಣ್ಣಿದ್ದರೆ ಸಾಕು.