ಸೆಸಿಲ್ ಕಿಂಬರ್ ಮತ್ತು ಹಳೆಯ ಕಾರಿನ ಅರ್ಹತಾಪತ್ರ

ಎಂಟು ಮೂಲೆಯ ಚೌಕಟ್ಟಿನೊಳಗೆ ಎಂ. ಜಿ. ಎಂಬ ಎರಡಕ್ಷರಗಳನ್ನು ಧರಿಸಿದ ಮೋಟಾರು ಕಾರುಗಳು 2019ರಿಂದೀಚೆಗೆ ನಮ್ಮ ಬೆಂಗಳೂರಿನ ಬೀದಿಗಳಲ್ಲಿಯೂ ಓಡಾಡುತ್ತಿವೆ. ಈಗಿನ ಒಡೆತನಕ್ಕೂ ಆಕ್ಸ್‌ಫರ್ಡಿನ ಹಳೆಯ ಮನೆತನಕ್ಕೂ ನಂಟು ಹೆಚ್ಚೇನೂ ಉಳಿದಿಲ್ಲ. ಆದರೆ ಆ ಅಕ್ಷರಗಳು ಮಾರಿಸ್ ಗ್ಯಾರೇಜಸ್ ಎಂಬ ಹೆಸರಿನ ಮೊದಲಕ್ಷರಗಳೆಂಬುದನ್ನೂ, ಅವುಗಳಿಗೆ ಲೋಕಖ್ಯಾತಿಯನ್ನು ತಂದವನು ಸೆಸಿಲ್ ಕಿಂಬರ್ ಎಂಬ ಕುಂಟುಗಾಲಿನ ಮನುಷ್ಯನೆಂಬುದನ್ನೂ ಬಲ್ಲವರು ವಿರಳ. ಕನ್ನಡ ಪಾಠ ಹೇಳುವ ನಾನು ಮೋಟಾರಿನವನ ಚರಿತ್ರೆಗೆ ಕೈಹಾಕಿದ್ದಕ್ಕೆ ಕಾರಣವಿದೆ. ಹಳೆಯ ಕಾರೊಂದನ್ನು ಒಂದು ದಿನ ತಪಾಸಣೆ ಮಾಡಿ, ಇದು ರಸ್ತೆಗೆ ಅರ್ಹ ಎಂದು ಪತ್ರ ಬರೆದುಕೊಟ್ಟರೆ ಆ ಪತ್ರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಈತನ ಬಾಳಿನ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ಕಿಂಬರ್ ಹುಟ್ಟಿದ್ದು 1888ರ ಏಪ್ರಿಲಿನಲ್ಲಿ, ಲಂಡನ್ ನಗರದಲ್ಲಿ. ತಂದೆಯದು ಮುದ್ರಣದ ಶಾಯಿಯ ಉದ್ಯಮ. ಮಗನಿಗೆ ಮಾತ್ರ ಯಂತ್ರಗಳ ಹುಚ್ಚು. ಇಪ್ಪತ್ತೆರಡರ ಹರೆಯದಲ್ಲಿ ಮೋಟಾರು ಸೈಕಲ್ಲಿನ ಮೇಲೆ ಹೋಗುತ್ತಿದ್ದಾಗ ಕಾರೊಂದಕ್ಕೆ ಡಿಕ್ಕಿಯಾಗಿ ಬಲಗಾಲು ನುಚ್ಚುನೂರಾಯಿತು. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ನಡೆದು ಕಾಲೇನೋ ಉಳಿಯಿತು, ಆದರೆ ಗಿಡ್ಡವಾಯಿತು. ಪರಿಹಾರವಾಗಿ ಬಂದ ಹಣದಿಂದ ಆತ ಕೊಂಡದ್ದು ಒಂದು ಸಿಂಗರ್ ಕಾರು! ಆ ಹಣವನ್ನು ತನ್ನ ಉದ್ಯಮಕ್ಕೆ ತೊಡಗಿಸಲಿಲ್ಲವೆಂದು ತಂದೆ ಮುನಿದನು. ಆ ಮುನಿಸು ಕೊನೆಯವರೆಗೂ ಕರಗಲಿಲ್ಲ. ರಸ್ತೆ ತನ್ನನ್ನು ಊನಗೊಳಿಸಿದ ಮೇಲೂ ರಸ್ತೆಗೇ ಮರಳಿದ ಈ ಹಟವನ್ನು ನೆನೆದರೆ ನನಗೆ ಮೆಚ್ಚುಗೆಯೂ ಆಗುತ್ತದೆ, ಅಳುಕೂ ಆಗುತ್ತದೆ.

ಹಲವು ಕಾರ್ಖಾನೆಗಳಲ್ಲಿ ದುಡಿದು 1921ರಲ್ಲಿ ಆತ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಸೇರಿದನು; ಮರುವರ್ಷವೇ ಅದರ ವ್ಯವಸ್ಥಾಪಕನಾದನು. ಅದು ವಿಲಿಯಂ ಮಾರಿಸನ ಸಾಧಾರಣ ಕಾರುಗಳನ್ನು ಮಾರುವ, ರಿಪೇರಿ ಮಾಡುವ ಅಂಗಡಿ. ಕಿಂಬರನು ಅದೇ ಸಾಧಾರಣ ಚಾಸಿಯ ಮೇಲೆ ಚೆಲುವಾದ, ಹಗುರಾದ ಮೈಯನ್ನು ಕೂರಿಸಿ ಮಾರತೊಡಗಿದನು. 1925ರಲ್ಲಿ ತನಗಾಗಿಯೇ ಒಂದು ವಿಶೇಷ ಕಾರನ್ನು ಕಟ್ಟಿಸಿಕೊಂಡು, ಇಂಗ್ಲೆಂಡಿನ ನೈಋತ್ಯದ ತುದಿಗೆ ಹೋಗುವ ಲ್ಯಾಂಡ್ಸ್ ಎಂಡ್ ಪರೀಕ್ಷಾಯಾತ್ರೆಗೆ ಹೊರಡಲು ಸಿದ್ಧನಾದನು. ಹೊರಡುವುದಕ್ಕೆ ಸ್ವಲ್ಪ ಮುನ್ನ ಓಡಿಸಿ ನೋಡುವಾಗ ಚಾಸಿಯ ಉಕ್ಕಿನ ತೊಲೆಯಲ್ಲಿ ಬಿರುಕು ಕಾಣಿಸಿತು. ಕೆಲಸಗಾರರು ಅವಸರವಸರವಾಗಿ ದುರಸ್ತಿ ಮಾಡಿದರು. ಕಿಂಬರ್ ಕಡಿದಾದ ಬೆಟ್ಟದ ದಾರಿಗಳನ್ನೆಲ್ಲ ಹತ್ತಿ ಚಿನ್ನದ ಪದಕವನ್ನು ತಂದನು. ಇದನ್ನು ಸಾಹಸದ ಕಥೆಯೆಂದು ಹೇಳುವವರೇ ಹೆಚ್ಚು. ನನಗಾದರೋ ಆ ಬಿರುಕೇ ಮುಖ್ಯವಾಗಿ ತೋರುತ್ತದೆ. ಕಾರನ್ನು ನಿಲ್ಲಿಸಿಕೊಂಡು ನೋಡಿದ್ದರೆ ಅದು ಕಾಣುತ್ತಿತ್ತೆ? ರಸ್ತೆಯಲ್ಲಿ ಓಡಿಸಿದ್ದರಿಂದ ಕಂಡಿತು.

ಈ ಪಾಠವನ್ನು ಆತ ಮರೆತಂತಿಲ್ಲ. 1929ರಲ್ಲಿ ಅಬಿಂಗ್ಡನ್ ಎಂಬ ಪುಟ್ಟ ಊರಿನ ಚರ್ಮದ ಕಾರ್ಖಾನೆಯೊಂದರ ಪಕ್ಕದ ಕಟ್ಟಡಕ್ಕೆ ಉದ್ಯಮವನ್ನು ಸಾಗಿಸಿದ ಮೇಲೆ, ಸಿದ್ಧವಾದ ಕಾರುಗಳನ್ನು ಸುತ್ತಲಿನ ರಸ್ತೆಗಳಲ್ಲಿ ಓಡಿಸಿ ನೋಡಿಯೇ ಹೊರಗೆ ಕಳುಹಿಸುವ ವಾಡಿಕೆ ಅಲ್ಲಿ ನೆಲೆಸಿತು. ವೇಗ ಮತ್ತು ಕ್ಷೇಮ ಒಂದಕ್ಕೊಂದು ವೈರಿಗಳಲ್ಲವೆಂಬುದೇ ಸಂಸ್ಥೆಯ ಘೋಷವಾಕ್ಯದ ತಾತ್ಪರ್ಯವಾಗಿತ್ತು. ಮಿಜೆಟ್ ಎಂಬ 847 ಘನ ಸೆಂಟಿಮೀಟರಿನ ಪುಟಾಣಿ ಕಾರು ಸಾಧಾರಣ ಸಂಬಳದವನಿಗೂ ವೇಗದ ಸುಖವನ್ನು ಒದಗಿಸಿತು. 1933ರಲ್ಲಿ ಕೆ3 ಕಾರುಗಳು ಇಟಲಿಯ ಸಾವಿರ ಮೈಲಿಯ ಪಂದ್ಯದಲ್ಲಿ ತಮ್ಮ ವರ್ಗದ ಗೆಲುವನ್ನು ಪಡೆದವು. ಅದೇ ವರ್ಷ ಇಟಲಿಯ ಪ್ರಸಿದ್ಧ ಸವಾರ ನುವೊಲಾರಿ ಅಂಥದೇ ಕಾರಿನಲ್ಲಿ ಅಲ್‌ಸ್ಟರಿನ ಟೂರಿಸ್ಟ್ ಟ್ರೋಫಿಯನ್ನು ಗೆದ್ದನು. ಎರಡು ವರ್ಷದಲ್ಲಿ ಮಾರಿಸನು ಪಂದ್ಯಗಳಿಗೆ ಮುಕ್ತಾಯ ಹಾಡಿದನು. ಕಿಂಬರನ ಮನಸ್ಸಿಗೆ ಇದೊಂದು ಪೆಟ್ಟು.

ಇಲ್ಲಿ ಕಥೆಯ ಎಳೆಯನ್ನು ತುಸು ನಿಲ್ಲಿಸಿ ಆ ಕಾರುಗಳ ಮುಂದಿನ ಪಾಡನ್ನು ನೋಡಬೇಕು. ಮಿಜೆಟ್‌ನಂತಹ ಅಂದಿನ ಕಾರುಗಳ ಬ್ರೇಕು ತಂತಿಹಗ್ಗದಿಂದ ಎಳೆಯುವಂಥದು. ಹಗ್ಗ ಬಳಕೆಯಿಂದ ಸಡಿಲಾಗುತ್ತದೆ, ನಾಲ್ಕು ಗಾಲಿಗಳಲ್ಲೂ ಹಿಡಿತ ಸಮನಾಗಿ ಇರುವುದಿಲ್ಲ. ಆಗಾಗ್ಗೆ ಬಿಗಿ ಮಾಡುತ್ತಲೇ ಇರಬೇಕು. 1936ರ ಟಿಎ ಮಾದರಿಗೆ ದ್ರವದ ಒತ್ತಡದಿಂದ ನಡೆಯುವ ಬ್ರೇಕು ಬಂದಿತು. ಆದರೆ ಲೋಹದ ಹಾಳೆಯ ಕೆಳಗೆ ಮೈಯನ್ನು ಹೊತ್ತದ್ದು ಆಶ್ ಮರದ ಹಂದರವೇ. ಮರವು ನೀರು ಕುಡಿದು ಒಳಗೊಳಗೇ ಲಡ್ಡಾದರೂ ಹೊರಗಿನ ಬಣ್ಣ ಹೊಳೆಯುತ್ತಿರುತ್ತದೆ. ಓಲೆಗರಿಯ ಹಸ್ತಪ್ರತಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಮೇಲಿನ ಹಲಗೆ ನುಣುಪಾಗಿರುತ್ತದೆ, ಬಿಚ್ಚಿದರೆ ಒಳಗಿನ ಗರಿಯೆಲ್ಲ ಹುಳುವಿನ ಪಾಲು.

ಬ್ರಿಟನ್ನಿನಲ್ಲಿ ಹಳೆಯ ಕಾರುಗಳಿಗೆ ಕಡ್ಡಾಯದ ತಪಾಸಣೆ ಬಂದದ್ದು ಕಿಂಬರ್ ತೀರಿಹೋದ ಬಹುಕಾಲದ ಮೇಲೆ, 1960ರಲ್ಲಿ, ಅರ್ನೆಸ್ಟ್ ಮಾರ್ಪಲ್ಸ್ ಸಾರಿಗೆ ಮಂತ್ರಿಯಾಗಿದ್ದಾಗ. ಮೊದಲು ಹತ್ತು ವರ್ಷ ದಾಟಿದ ಕಾರುಗಳಿಗೆ, ಬಳಿಕ ಏಳು ವರ್ಷದವಕ್ಕೆ, 1967ರಿಂದ ಮೂರು ವರ್ಷದವಕ್ಕೆ. ಆರಂಭದಲ್ಲಿ ನೋಡುತ್ತಿದ್ದುದು ಬ್ರೇಕು, ಸ್ಟೀರಿಂಗ್, ದೀಪಗಳನ್ನು ಮಾತ್ರ. ಟೈರು, ಮೈಕಟ್ಟು ಮುಂತಾದವು ವರ್ಷ ಕಳೆದಂತೆ ಸೇರಿದವು. ತಪಾಸಣೆ ಮಾಡುವವನು ಕಾರನ್ನು ಬಿಚ್ಚುವಂತಿಲ್ಲ. ಅಂದಮೇಲೆ ಹಾಳೆಯ ಹಿಂದಿನ ಕೊಳೆತ ಮರವನ್ನು ಅವನು ಹೇಗೆ ಕಂಡಾನು? ಇಂದು ಬಿಗಿ ಮಾಡಿದ ತಂತಿಹಗ್ಗ ಮುಂದಿನ ತಿಂಗಳು ಹೇಗಿರುವುದೆಂಬುದನ್ನು ಹೇಗೆ ಬರೆದಾನು? ಅವನ ಪತ್ರ ಆ ದಿನದ, ಆ ಗಳಿಗೆಯ ಸಾಕ್ಷಿ. ಒಂದು ಮುಂಜಾನೆಯ ಮೂರು ಗಂಟೆಗಳಲ್ಲಿ ಬರೆದ ಉತ್ತರಗಳಿಗೆ ಅಂಕ ಕೊಡುವ ನಾವು ಉಪಾಧ್ಯಾಯರು ಇದನ್ನು ಚೆನ್ನಾಗಿ ಬಲ್ಲೆವು.

ಹಾಗೆಂದು ತಪಾಸಣೆಯೇ ವ್ಯರ್ಥವೆನ್ನಲಾರೆ. ಯಜಮಾನನ ಕಣ್ಣಿಗೆ ಮಮತೆಯ ಪೊರೆ ಬೆಳೆದಿರುತ್ತದೆ; ಹೊರಗಿನವನ ಕಣ್ಣಿಗೆ ಆ ಪೊರೆಯಿಲ್ಲ. 2018ರ ಮೇ ತಿಂಗಳಿನಿಂದ ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ಹೆಚ್ಚಿನ ಮಾರ್ಪಾಟಾಗದ ಕಾರುಗಳಿಗೆ ವರ್ಷವರ್ಷದ ತಪಾಸಣೆಯಿಂದ ವಿನಾಯಿತಿ ದೊರಕಿದೆ. ಕಾರನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಹೊಣೆ ಮಾತ್ರ ಒಡೆಯನದೇ. ಹಳೆಯ ಕಾರುಗಳ ಒಡೆಯರು ಅವನ್ನು ಜತನದಿಂದ ಸಾಕುತ್ತಾರೆಂಬುದು ಇದಕ್ಕೆ ಹೇಳುವ ಸಮರ್ಥನೆ. ಬಹುಮಂದಿಯ ವಿಷಯದಲ್ಲಿ ಅದು ನಿಜವಿರಬಹುದು; ಎದುರಿನಿಂದ ಬರುವ ಪಾದಚಾರಿಗೆ ಆ ಬಹುಮಂದಿಯಿಂದ ಏನು ಪ್ರಯೋಜನ? ಒಡೆಯರು ತಾವಾಗಿಯೇ ತಪಾಸಣೆ ಮಾಡಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಹಾಗೆ ಮಾಡಿಸುವವರೇ ಜಾಣರೆಂದು ನನ್ನ ಎಣಿಕೆ.

ಮತ್ತೆ ಕಿಂಬರನ ಬಳಿಗೆ ಬರೋಣ. ಯುದ್ಧಕಾಲದಲ್ಲಿ ಅಬಿಂಗ್ಡನ್ನಿನಲ್ಲಿ ಕಾರುಗಳ ತಯಾರಿ ನಿಂತಿತು. ಕೆಲಸಗಾರರ ಕೈ ಬರಿದಾಗಬಾರದೆಂದು ಆತ ವಿಮಾನದ ಭಾಗಗಳ ಕೆಲಸವನ್ನು ಮೇಲಿನವರ ಅಪ್ಪಣೆಗೆ ಕಾಯದೆ ಒಪ್ಪಿಕೊಂಡನು. 1941ರಲ್ಲಿ ಇದೇ ನೆಪವಾಗಿ, ತಾನೇ ಕಟ್ಟಿದ ಸಂಸ್ಥೆಯಿಂದ ಆತನನ್ನು ಹೊರಗೆ ಹಾಕಿದರು. ಇಪ್ಪತ್ತು ವರ್ಷದ ದುಡಿಮೆಗೆ ಸಂದ ಸಂಭಾವನೆ ಇದು. ಬೇರೆ ಕಡೆ ನೌಕರಿ ಹಿಡಿದು, ಕೊನೆಗೆ ಪಿಸ್ಟನ್ ತಯಾರಿಸುವ ಸಂಸ್ಥೆಯೊಂದಕ್ಕೆ ಸೇರಿದನು.

1945ರ ಫೆಬ್ರವರಿ 4ರ ಸಂಜೆ, ಕೆಲಸದ ಮೇಲೆ ಪೀಟರ್‌ಬರೋಗೆ ಹೊರಟು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿದನು. ನಿಲ್ದಾಣ ದಾಟಿದೊಡನೆಯೇ ಏರುಹಾದಿಯ ಸುರಂಗ. ಅಲ್ಲಿ ಇತ್ತೀಚೆಗಷ್ಟೇ ಹೊಸ ಕಂಬಿಗಳನ್ನು ಹಾಕಿದ್ದರು. ಎಂಜಿನ್ನಿನ ಚಕ್ರಗಳು ಆ ಹೊಸ ಕಂಬಿಯ ಮೇಲೆ ಜಾರಿ ತಿರುಗಿದಲ್ಲಿಯೇ ತಿರುಗಿದವು. ಕತ್ತಲೆಯಲ್ಲಿ ಚಾಲಕನಿಗೆ ಗಾಡಿ ಹಿಂದಕ್ಕೆ ಜಾರುತ್ತಿರುವುದೇ ತಿಳಿಯಲಿಲ್ಲ. ಅದನ್ನು ಬೇರೆ ಹಳಿಗೆ ತಿರುಗಿಸಲು ಸಿಗ್ನಲ್ಲಿನವನು ಯತ್ನಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಕಡೆಯ ಡಬ್ಬಿ ಹಳಿ ತಪ್ಪಿ ಸಿಗ್ನಲ್ಲಿನ ಉಕ್ಕಿನ ಕಮಾನಿಗೆ ಬಡಿಯಿತು. ಸತ್ತವರು ಇಬ್ಬರೇ, ಅವರಲ್ಲಿ ಒಬ್ಬ ಕಿಂಬರ್. ಆಗ ಆತನಿಗೆ 56 ವರ್ಷ.

ಅದೇ ವರ್ಷದ ಶರತ್ಕಾಲದಲ್ಲಿ ಅಬಿಂಗ್ಡನ್ನಿನಿಂದ ಟಿಸಿ ಮಾದರಿ ಹೊರಬಂದಿತು. ಅದರ ಒಡಲೆಲ್ಲ ಬಹುಮಟ್ಟಿಗೆ ಕಿಂಬರನ ಕಾಲದ್ದೇ, ಆಶ್ ಮರದ ಹಂದರವೂ ಸೇರಿ. 1949ರವರೆಗೆ ಅಂಥ ಹತ್ತು ಸಾವಿರ ಕಾರುಗಳು ತಯಾರಾಗಿ ಕಡಲಾಚೆಗೂ ಹೋದವು. ಇಂದಿಗೂ ಉಳಿದಿರುವವುಗಳಲ್ಲಿ ಬ್ರಿಟನ್ನಿನ ರಸ್ತೆಗೆ ಇಳಿಯುವ ಮೂಲರೂಪದ ಕಾರುಗಳು ಯಾವ ಪತ್ರದ ಹಂಗೂ ಇಲ್ಲದೆ, ತಂತಮ್ಮ ಒಡೆಯರ ಕಣ್ಣಳತೆಯ ಮೇಲೆಯೇ ಓಡುತ್ತಿವೆ.