ಪಾದ್ರಿಗಳಿಲ್ಲದ ಊರುಗಳ ಪಾದ್ರಿ ಜೋಸೆಫ್ ವಾಜ್

ಮಂಜೇಶ್ವರದಿಂದ ಹೆಚ್ಚು ದೂರವಿಲ್ಲದ ಮುಡಿಪಿನ ಗುಡ್ಡವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅಲ್ಲಿನ ನೀರಿನ ಒರತೆಗಳಿಗೆ ಸಂತ ಜೋಸೆಫ್ ವಾಜ್‌ರ ಹೆಸರು ಅಂಟಿಕೊಂಡಿದೆ. ಒರತೆಯ ಕಥೆ ಭಕ್ತರ ನಂಬಿಕೆಗೆ ಸೇರಿದ್ದು. ನಾವು ಇಲ್ಲಿ ಹೇಳಹೊರಟಿರುವುದು ಆ ಮನುಷ್ಯರ ಬದುಕನ್ನು.

ವಾಜ್‌ರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬಾಣಾವಲಿಯಲ್ಲಿ. ಮನೆಮಾತು ಕೊಂಕಣಿ. ಗೋವೆಯಲ್ಲೇ ಓದಿ 1676ರಲ್ಲಿ ಪಾದ್ರಿಗಳಾದರು. 1681ರಲ್ಲಿ ಅವರನ್ನು ಕನ್ನಡ ಜಿಲ್ಲೆಯ ಕರಾವಳಿಗೆ ಕಳುಹಿಸಲಾಯಿತು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಪೋರ್ಚುಗೀಸ್ ದೊರೆಯ ಪಕ್ಷದ ಅಧಿಕಾರಿಗಳಿಗೂ ರೋಮ್ ನೇರವಾಗಿ ನೇಮಿಸಿದ ಬಿಷಪರಿಗೂ ಅಧಿಕಾರದ ಜಗಳ ನಡೆದಿತ್ತು. ಇಬ್ಬರ ನಡುವೆ ಸಿಕ್ಕಿದ ವಾಜ್‌ರು ಊರೂರು ಕಾಲ್ನಡಿಗೆಯಲ್ಲಿ ಸುತ್ತಿ, ಚದುರಿದ ಕುಟುಂಬಗಳನ್ನು ಕೂಡಿಸಿ, 1684ರಲ್ಲಿ ಗೋವೆಗೆ ಮರಳಿದರು.

ಅವರ ಮನಸ್ಸು ಮೊದಲಿಂದಲೂ ಸಿಂಹಳದ ಮೇಲಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಸಿದುಕೊಂಡು ಕಥೊಲಿಕ ಪಾದ್ರಿಗಳನ್ನು ಹೊರಗಟ್ಟಿದ್ದರು. ಸುಮಾರು ಮೂವತ್ತು ವರ್ಷ ಅಲ್ಲಿನವರಿಗೆ ಪಾದ್ರಿ ಇಲ್ಲ, ಪೂಜೆ ಇಲ್ಲ. ಇಗರ್ಜಿಗಳು ಡಚ್ಚರ ಪಾಲಾಗಿದ್ದವು. ಪಾದ್ರಿಯನ್ನೇ ಕಾಣದೆ ಒಂದು ತಲೆಮಾರು ಬೆಳೆದು ದೊಡ್ಡದಾಗಿತ್ತೆಂದರೆ ಅದರ ಅರ್ಥವೇನೆಂದು ನಮ್ಮಂಥ ಮೇಷ್ಟ್ರುಗಳಿಗೆ ವಿವರಿಸಬೇಕಿಲ್ಲ.

1687ರಲ್ಲಿ ವಾಜ್‌ರು ಕೂಲಿಯಾಳಿನ ವೇಷದಲ್ಲಿ ತೂತುಕುಡಿಯಿಂದ ಸಮುದ್ರ ದಾಟಿದರು. ಜೊತೆಗೆ ಜಾನ್ ಎಂಬ ಸೇವಕ. ಜಾಫ್ನಾ ಸೇರುವಾಗ ಇಬ್ಬರಿಗೂ ಜೀವಕ್ಕೆ ಸಾಲುವ ಶಕ್ತಿ ಇರಲಿಲ್ಲ. ವಾಜ್‌ರಿಗೆ ರಕ್ತಭೇದಿ ಹಿಡಿದಿತ್ತು. ಚೇತರಿಸಿಕೊಂಡವರೇ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಯಾರ ಕಣ್ಣು ಜಪಮಾಲೆಯ ಮೇಲೆ ನಿಲ್ಲುತ್ತದೋ ಅವರು ತಮ್ಮವರು! ಸರಕಾರದ ಗೂಢಚಾರನ ಕಣ್ಣೂ ಅಲ್ಲೇ ನಿಲ್ಲಬಹುದಿತ್ತು ಎಂಬುದನ್ನು ಮರೆಯಬಾರದು.

ಸಿಲ್ಲಾಲೆ ಎಂಬ ಹಳ್ಳಿ ಅವರಿಗೆ ಆಸರೆ ಕೊಟ್ಟಿತು. ರಾತ್ರಿ ಪೂಜೆ, ಜ್ಞಾನಸ್ನಾನ, ಹಗಲು ಅಡಗುವುದು. 1689ರ ಕ್ರಿಸ್ಮಸ್ ರಾತ್ರಿ ಡಚ್ಚರು ದಾಳಿಮಾಡಿ ಅನೇಕರನ್ನು ಸೆರೆಹಿಡಿದರು. ವಾಜ್‌ರು ತಪ್ಪಿಸಿಕೊಂಡರು, ಪೆಟ್ಟು ತಿಂದವರು ಅವರನ್ನು ನಂಬಿದ ಊರಿನವರು. ಮುಂದೆ ಅವರು ಪುತ್ತಳಂಗೆ, ಅಲ್ಲಿಂದ 1692ರಲ್ಲಿ ಕ್ಯಾಂಡಿಗೆ ಹೋದರು. ಪೋರ್ಚುಗೀಸರ ಗೂಢಚಾರನೆಂದು ರಾಜ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಸೆರೆಗೆ ಹಾಕಿದನು. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ತಮಿಳು ಮೊದಲೇ ಬಂದಿತ್ತು. ಮುಂದೆ ಆ ಬೌದ್ಧ ರಾಜನೇ ಅವರಿಗೆ ಸ್ವಾತಂತ್ರ್ಯ ಕೊಟ್ಟನು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ಕಾಡಿಗೆ ಬಿಟ್ಟು ಓಡಿದಾಗ, ಜಾತಿಮತ ನೋಡದೆ ಶುಶ್ರೂಷೆ ಮಾಡಿದವರು ವಾಜ್‌ರು ಮತ್ತು ಅವರ ಸೋದರಳಿಯ ಪಾದ್ರಿ.

ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೊಂದು ಕೆಲಸ. ಸುಮಾರು ಒಂಬತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಪಾದ್ರಿ. ಒಂದು ಊರಿಗೆ ಮತ್ತೆ ಬರುವುದು ಯಾವಾಗಲೋ! ಆದ್ದರಿಂದ ಊರಿಗೊಬ್ಬ ಗೃಹಸ್ಥನನ್ನು ಆರಿಸಿ ನೇಮಿಸಿದರು. ಮೂಪ್ಪು, ಅಣ್ಣಾವಿ ಎಂದು ಅವರಿಗೆ ಹೆಸರು. ಆದಿತ್ಯವಾರ ಜನರನ್ನು ಕೂಡಿಸುವುದು, ಪ್ರಾರ್ಥನೆ ಹೇಳಿಸುವುದು, ಮಕ್ಕಳಿಗೆ ಪಾಠ, ಸಾಯುವವರ ಬಳಿ ಕುಳಿತುಕೊಳ್ಳುವುದು, ಅಗತ್ಯಬಿದ್ದರೆ ಜ್ಞಾನಸ್ನಾನ, ಇವೆಲ್ಲ ಅವರ ಪಾಲಿಗೆ. ನಮ್ಮ ಕಡೆಯ ಕ್ರೈಸ್ತರ ಗುರ್ಕಾರರನ್ನು ಬಲ್ಲವರಿಗೆ ಇದು ಹೊಸತೆನಿಸದು. ಅಧ್ಯಾಪಕರಿಲ್ಲದ ತರಗತಿಯನ್ನು ಚುರುಕಾದ ಹುಡುಗನೊಬ್ಬ ನಡೆಸುವುದನ್ನು ನಾವೂ ಕಂಡಿದ್ದೇವೆ. ಆದರೆ ಅವನಿಗೆ ಸಿಕ್ಕಿಬಿದ್ದರೆ ಛಡಿಯೇಟಿನ ಭಯವಿರುವುದಿಲ್ಲ.

1705ರಲ್ಲಿ ಬಂದ ಗೋವೆಯ ಜಾಕೊಮೆ ಗೊನ್ಸಾಲ್ವಿಸರು ಸಿಂಹಳ ಮತ್ತು ತಮಿಳಿನಲ್ಲಿ ಗ್ರಂಥಗಳನ್ನು ಬರೆದು ಈ ಗೃಹಸ್ಥರ ಕೈಗೆ ಓದುವ ಸಾಮಗ್ರಿ ಒದಗಿಸಿದರು. ವಾಜ್‌ರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು.

ಡಚ್ಚರು ಹೋದ ಮೇಲೆ, 1806ರಲ್ಲಿ, ಬ್ರಿಟಿಷರು ಕಥೊಲಿಕರ ಮೇಲಿನ ನಿರ್ಬಂಧಗಳನ್ನು ತೆಗೆದುಹಾಕಿದರು. ವಾಜ್‌ರು ಸತ್ತು ಆಗ ತೊಂಬತ್ತೈದು ವರ್ಷವಾಗಿತ್ತು. ಊರುಗಳಲ್ಲಿ ಅವರ ಜನ ಇನ್ನೂ ಇದ್ದರು.